ದುಡ್ಡು ಕಟ್ ಆಗ್ತಿದೆ, ಚಾಟ್ ಕಾಣ್ತಿಲ್ಲ: ನಾಪೋಕ್ಲು ಕಡೆಯ ಹೋಂಸ್ಟೇಯೊಂದರ ಪ್ರಕರಣ

ಎಐ ಚಾಟ್‌ಬಾಟ್ ಖಾತೆ ಕೆಟ್ಟಿದೆ ಅಂತ ವಿರಾಜಪೇಟೆಯ ನಮ್ಮ ರಿಪೇರಿ ಅಂಗಡಿಗೆ ಬರುವವರು ಬಾಗಿಲಲ್ಲೇ ಹೇಳುವ ಮಾತು ಒಂದೇ: "ಹ್ಯಾಕ್ ಆಗಿದೆ." ನಿಜವಾಗಿ ಹ್ಯಾಕ್ ಆಗಿರುವುದು ಅಪರೂಪ. ಹೆಚ್ಚಾಗಿ ಸಿಗುವುದು ಇನ್ನೊಂದು ರೋಗ. ಒಬ್ಬರಿಗೆ ಎರಡು ಖಾತೆ ಇರುತ್ತದೆ, ಎರಡಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಹಳೆಯದರಲ್ಲಿ ಎಲ್ಲ ಇರುತ್ತದೆ, ಹೊಸದರ ಒಳಗೆ ಕೂತು ಏನೂ ಇಲ್ಲ ಅಂತ ಗಾಬರಿಯಾಗುತ್ತಾರೆ.

ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅದೇ ಜಾತಿಯದು. ಆದರೆ ಇದಕ್ಕೆ ಕೊಡಗಿನ ಮಳೆ, ಸತ್ತ ಫೋನು, ಬೆಂಗಳೂರಿನಲ್ಲಿರುವ ಮಗ, ತಾರೀಖು ಮರೆತ ಲ್ಯಾಪ್‌ಟಾಪ್ ಎಲ್ಲ ಸುತ್ತಿಕೊಂಡಿದ್ದವು. ಹೋಂಸ್ಟೇ ನಡೆಸುವ ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಆ್ಯಪ್ ಯಾವುದು ಅನ್ನುವುದೂ ಬೇಡ. ಇದೇ ಕಥೆ ಯಾವ ಚಾಟ್‌ಬಾಟ್‌ನಲ್ಲಾದರೂ ನಡೆಯಬಹುದಿತ್ತು.

ಅಕ್ಕ ಇದನ್ನು ಬಳಸುತ್ತಿದ್ದದ್ದು ಯಾತಕ್ಕೆ

ನಾಪೋಕ್ಲುವಿನಿಂದ ಕಕ್ಕಬ್ಬೆ ಕಡೆ ಹೋಗುವ ದಾರಿಯಲ್ಲಿ ಅವರ ತೋಟ. ರೋಬಸ್ಟಾ ಕಾಫಿ, ನಡುವೆ ಕರಿಮೆಣಸು. ಮನೆಯ ಒಂದು ಭಾಗ ಹೋಂಸ್ಟೇ. ತಡಿಯಂಡಮೋಳ್ ಬೆಟ್ಟ ಹತ್ತುವವರು ಬಂದು ಉಳಿಯುತ್ತಾರೆ. ಅಡುಗೆ, ಲೆಕ್ಕ, ಬುಕಿಂಗ್ ಎಲ್ಲ ಅಕ್ಕನದೇ. ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಬರೆಯುವುದು ಮಾತ್ರ ಕಷ್ಟ. ಅದಕ್ಕೆ ಮಗ ಚಾಟ್‌ಬಾಟ್ ಹಾಕಿಕೊಟ್ಟಿದ್ದ.

ಅಕ್ಕ ಅದನ್ನು ಚೆನ್ನಾಗಿಯೇ ದುಡಿಸಿಕೊಳ್ಳುತ್ತಿದ್ದರು. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸೋದು, ಇಂಗ್ಲಿಷ್ ಮೇಲ್ ಬರೆಸೋದು. ಜುಲೈನಲ್ಲಿ ರಸ್ತೆ ಹೇಗಿರುತ್ತದೆ, ಜಿಗಣೆ ಎಷ್ಟು, ಕರೆಂಟ್ ಇರುತ್ತದಾ ಅಂತ ಅತಿಥಿಗಳು ಕೇಳುವ ಪ್ರಶ್ನೆಗಳಿಗೆ ಒಂದು ಉದ್ದದ ಚಾಟ್‌ನಲ್ಲಿ ಉತ್ತರಗಳೆಲ್ಲ ಕೂಡಿದ್ದವು. ಇನ್ನೊಂದರಲ್ಲಿ ಅಡುಗೆಯ ಅಳತೆಗಳು. ಕಡಂಬುಟ್ಟಿಗೆ ಅಕ್ಕಿ ತರಿ ಎಷ್ಟು, ನೀರು ಎಷ್ಟು, ಹಂದಿಮಾಂಸದ ಪಂದಿಕರಿಗೆ ಕಾಚಂಪುಳಿ ಅನ್ನುವ ಹುಳಿ ಯಾವಾಗ ಹಾಕಬೇಕು ಅಂತ. ಅಕ್ಕನ ಅತ್ತೆ ಕೈ ಅಳತೆಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕೂತು ಗ್ರಾಮಿಗೆ ಇಳಿಸಿ, ಅದರಲ್ಲಿ ಹಾಕಿಟ್ಟಿದ್ದರು. ಕೊಡವರ ಮಳೆಗಾಲದ ಕಕ್ಕಡ ತಿಂಗಳ ಮೆನುವೂ ಅಲ್ಲೇ ಇತ್ತು. ಕಣಿಲೆ, ಅಣಬೆ, ಆಗಸ್ಟ್ 3ಕ್ಕೆ ಮದ್ದುಸೊಪ್ಪಿನ ಪಾಯಸ. ಬೇರೆ ಎಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಫೋನ್ ಹೋಯಿತು. ಬಚ್ಚಲ ಒಲೆಗೆ ಸೌದೆ ತಳ್ಳುವಾಗ ಮೇಲಿನ ಕಿಸೆಯಿಂದ ಜಾರಿ ಬಿಸಿನೀರಿನ ಹಂಡೆಗೆ ಬಿತ್ತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಬದುಕಲಿಲ್ಲ. ಹೊಸ ಫೋನಿಗೆ ಅದೇ ಸಿಮ್ ಹಾಕಿದರು. ಆ್ಯಪ್ ಇಳಿಸಿಕೊಂಡರು. ಕಥೆ ಶುರುವಾಗಿದ್ದು ಅಲ್ಲಿಂದ.

ಅವರು ಹೇಳಿದ ದೂರು

"ಎಂಥ ಆಗಿದೆ ನೋಡಿ, ಒಂದೂ ಇಲ್ಲ. ಎಲ್ಲ ಅಳಿಸಿಹಾಕಿದ್ದಾರೆ. ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ ಆಗ್ತಾನೇ ಇದೆ."

ಕೇಳಿಕೇಳಿ ಬಿಡಿಸಿದಾಗ ದೂರು ಹೀಗೆ ಹರಡಿತು. ಹೊಸ ಫೋನಿನ ಆ್ಯಪ್‌ನಲ್ಲಿ ಹಳೆಯ ಚಾಟ್ ಒಂದೂ ಕಾಣುತ್ತಿಲ್ಲ. ಅದು ಅವರನ್ನು ಉಚಿತ ಬಳಕೆದಾರರು ಅಂತ ತೋರಿಸುತ್ತಿದೆ, ಸ್ವಲ್ಪ ಹೊತ್ತು ಬಳಸಿದರೆ ಇವತ್ತಿನ ಮಿತಿ ಮುಗಿಯಿತು ಅನ್ನುತ್ತಿದೆ. ಆದರೆ ಚಂದಾದ ಹಣ ಹೋಗುತ್ತಿದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ನೋಡೋಣ ಅಂದರೆ ಅದರಲ್ಲಿ ಯಾವ ಸೈಟೂ ತೆರೆಯುತ್ತಿಲ್ಲ. ಇದರ ಮೇಲೆ ಜಿಮೇಲ್‌ಗೆ ಒಂದು ಎಚ್ಚರಿಕೆ ಬಂದಿದೆ: ಬೆಂಗಳೂರಿನಿಂದ ಯಾರೋ ಹೊಸದಾಗಿ ಲಾಗಿನ್ ಆಗಿದ್ದಾರೆ.

ಕೊನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಅಕ್ಕ ಅತಿ ಹೆದರಿದ್ದು ಅದಕ್ಕೇ, ಅದರಲ್ಲಿ ಏನೂ ಇರಲಿಲ್ಲ. ಮೊಬೈಲ್ ಡೇಟಾದಲ್ಲಿ ಇದ್ದಾಗ ನಮ್ಮ ಇಂಟರ್ನೆಟ್ ವಿಳಾಸ ನಾವಿರುವ ಊರನ್ನು ತೋರಿಸುವುದಿಲ್ಲ. ಕಂಪನಿಯ ಜಾಲ ದೊಡ್ಡ ಊರಿನ ಯಾವ ಕೇಂದ್ರದ ಮೂಲಕ ಹೊರಗೆ ಹೋಗುತ್ತದೋ ಆ ಊರನ್ನು ತೋರಿಸುತ್ತದೆ. ನಾಪೋಕ್ಲುವಿನಲ್ಲಿ ಕೂತವರು ಬೆಂಗಳೂರು, ಚೆನ್ನೈ ಅಂತ ಕಾಣುವುದು ದಿನಾ ನಡೆಯುವ ಸಂಗತಿ. ಎಚ್ಚರಿಕೆ ಬಂದ ಹೊತ್ತು, ಸಾಧನದ ಹೆಸರು ನೋಡಿದೆ. ಅವರದೇ ಹೊಸ ಫೋನು, ಅವರು ಲಾಗಿನ್ ಆದ ಹೊತ್ತೇ. ಇಂಥ ಎಚ್ಚರಿಕೆಯಲ್ಲಿ ಊರಿಗಿಂತ ಸಾಧನ ಮತ್ತು ಸಮಯ ನೋಡಬೇಕು.

ಅಂಗಡಿಗೆ ಬರುವ ಮುಂಚೆ ಮಾಡಿದ್ದು

ಇಂಥ ಪ್ರಕರಣದಲ್ಲಿ ಮೂಲ ತೊಂದರೆಗಿಂತ, ಗಾಬರಿಯಲ್ಲಿ ಒತ್ತಿದ ಬಟನ್‌ಗಳೇ ಹೆಚ್ಚು ಕೆಲಸ ಕೊಡುತ್ತವೆ. ಅಕ್ಕ ಆ್ಯಪ್ ತೆಗೆದು ಮತ್ತೆ ಹಾಕಿದ್ದರು. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ತೋಚಿದ್ದನ್ನೆಲ್ಲ ಹೊಡೆದಿದ್ದರು. ತುಂಬಾ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂತ ಬರುವವರೆಗೂ ಬಿಟ್ಟಿರಲಿಲ್ಲ. "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿದರೆ ಮೇಲ್ ಬರುವುದೇ ಇಲ್ಲ ಅಂತ ಬೇರೆ ಸಿಟ್ಟು.

ಮೇಲ್ ಬರದಿದ್ದದ್ದೇ ನನಗೆ ಒಂದು ಸುಳಿವು. ಗೂಗಲ್ ಬಟನ್ ಒತ್ತಿ ತೆರೆದ ಖಾತೆಗೆ ಆ ಆ್ಯಪ್‌ನಲ್ಲಿ ಪ್ರತ್ಯೇಕ ಪಾಸ್‌ವರ್ಡೇ ಇರುವುದಿಲ್ಲ. ಇಲ್ಲದ ಪಾಸ್‌ವರ್ಡನ್ನು ಬದಲಿಸುವುದು ಎಲ್ಲಿಂದ? ಇದು ಒಂದೊಂದು ಕಡೆ ಒಂದೊಂದು ರೀತಿ. ಗೂಗಲ್‌ನ ಚಾಟ್‌ಬಾಟ್ ಜೆಮಿನಿಗೆ ಗೂಗಲ್ ಖಾತೆಯೇ ಖಾತೆ. ಕ್ಲಾಡ್ ಅನ್ನುವ ಚಾಟ್‌ಬಾಟ್‌ಗೆ ಪಾಸ್‌ವರ್ಡ್ ಇಲ್ಲ, ಇ-ಮೇಲ್‌ಗೆ ಲಿಂಕ್ ಬರುತ್ತದೆ, ಇಲ್ಲದಿದ್ದರೆ ಗೂಗಲ್ ಬಟನ್. ಚಾಟ್‌ಜಿಪಿಟಿಯಲ್ಲಿ ಇ-ಮೇಲ್, ಗೂಗಲ್, ಆ್ಯಪಲ್ ಹೀಗೆ ಹಲವು ದಾರಿ. ದಾರಿ ಜಾಸ್ತಿ ಇದ್ದಷ್ಟೂ ಹೋದಸಲ ಯಾವುದರಲ್ಲಿ ಬಂದೆ ಅನ್ನುವುದು ಮರೆಯುತ್ತದೆ. ಆ್ಯಪಲ್‌ನಲ್ಲಿ ನಮ್ಮ ಇ-ಮೇಲ್ ಮುಚ್ಚಿಡುವ ಆಯ್ಕೆ ಒತ್ತಿದವರ ಪಾಡು ಇನ್ನೂ ಕಷ್ಟ. ಅವರ ಖಾತೆ ಇರುವುದು ಅವರೇ ಯಾವತ್ತೂ ನೋಡದ ಒಂದು ವಿಳಾಸದ ಮೇಲೆ.

ಇನ್ನೊಂದು ಕೆಲಸ ಮಾಡಿದ್ದರು, ಅದು ನಿಜಕ್ಕೂ ಅಪಾಯದ್ದು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಕರೆ ಮಾಡಿದ್ದರು. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. ಹಣ ವಾಪಸ್ ಮಾಡುತ್ತೇನೆ, ಒಂದು ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ನನಗೆ ಕಾಣಬೇಕು ಅಂದ. ಅಕ್ಕ ಆ ಆ್ಯಪ್ ಇಳಿಸಲು ಶುರುಮಾಡಿದ್ದರು. ಅರ್ಧ ಇಳಿಯುವಷ್ಟರಲ್ಲಿ ಕರೆ ಕಡಿಯಿತು, ಡೇಟಾವೂ ಹೋಯಿತು. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಟವರಿನ ಡೀಸೆಲ್ ಮುಗಿದಿರಬೇಕು. ನಮ್ಮ ಟವರುಗಳಿಗೆ ಬೈಯದ ದಿನ ಇಲ್ಲ. ಆವತ್ತು ಒಂದು ಸಲ ಅದು ಅಕ್ಕನ ಬ್ಯಾಂಕ್ ಖಾತೆ ಉಳಿಸಿತು.

ಚಾಟ್‌ಜಿಪಿಟಿಯಂಥ ಸೇವೆಗೆ ಗ್ರಾಹಕರು ಕರೆ ಮಾಡುವ ಸಹಾಯವಾಣಿಯೇ ಇಲ್ಲ. ಅವರದೇ ಸೈಟಿನ ಹೆಲ್ಪ್ ಪುಟದಲ್ಲಿ ಚಾಟ್ ಮಾಡಿ ಕೇಳಬೇಕು. ಹುಡುಕಿದಾಗ ಸಿಗುವ ನಂಬರ್ ಬಹುಪಾಲು ಮೋಸದ್ದೇ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ದುಡ್ಡು ಕೈತಪ್ಪುತ್ತದೆ. ಅಕ್ಕನಿಗೆ ಹಣ ಹೋಗಿರಲಿಲ್ಲ. ಆ ನಂಬರ್ ಬ್ಲಾಕ್ ಮಾಡಿಸಿದೆ. ಡೌನ್‌ಲೋಡ್ ಪಟ್ಟಿಯಲ್ಲಿ ಅರ್ಧ ಇಳಿದಿದ್ದ ಫೈಲ್ ತೆಗೆಸಿದೆ. ಆಮೇಲೆ ಫೋನನ್ನು ಮೇಜಿನ ಮೇಲೆ ಇಡಿಸಿ, ಇನ್ನು ಯಾವುದನ್ನೂ ಒತ್ತಬೇಡಿ ಅಂದೆ.

ಒಂದಕ್ಕೊಂದು ಹೊಂದದ ಎರಡು ಮಾತು

ಸೇವೆಯೇ ಕೆಟ್ಟಿದೆಯಾ ಅನ್ನುವುದನ್ನು ಮೊದಲು ನೋಡಿದೆ. ಇದು ಅರ್ಧ ನಿಮಿಷದ ಕೆಲಸ, ಆದರೂ ಜನ ಬಿಟ್ಟುಬಿಡುತ್ತಾರೆ. 2025ರ ನವೆಂಬರ್ 18ರ ಸಂಜೆ ಕ್ಲೌಡ್‌ಫ್ಲೇರ್ ಅನ್ನುವ ಜಾಲ ಕೆಟ್ಟು ಚಾಟ್‌ಜಿಪಿಟಿ, ಎಕ್ಸ್ ಸೇರಿ ಎಷ್ಟೋ ಸೈಟುಗಳು ಹಲವು ದೇಶಗಳಲ್ಲಿ ತೆರೆಯಲಿಲ್ಲ. ಅಂಥ ಹೊತ್ತಿನಲ್ಲಿ ಪಾಸ್‌ವರ್ಡ್ ಬದಲಿಸಿ ಏನು ಪ್ರಯೋಜನ? ದೊಡ್ಡ ಕಂಪನಿಗಳೆಲ್ಲ ಸೇವೆ ಸರಿಯಿದೆಯಾ ಅಂತ ತೋರಿಸುವ ಸ್ಟೇಟಸ್ ಪುಟ ಇಟ್ಟಿರುತ್ತವೆ. ಅಕ್ಕ ಬಂದ ದಿನ ಎಲ್ಲ ಹಸಿರಾಗಿತ್ತು. ತೊಂದರೆ ನಮ್ಮ ಕಡೆಯದೇ.

ಮುಂದೆ ಹಣದ ಜಾಡು ಹಿಡಿದೆ. ಚಾಟ್ ಮಾಯವಾಗಬಹುದು, ಹಣ ಹೋದ ದಾರಿ ಮಾಯವಾಗುವುದಿಲ್ಲ. ಚಂದಾ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ಆ ಸಂದೇಶ ಅಕ್ಕನ ಫೋನಿನಲ್ಲಿ ಇತ್ತು, ಓದಿರಲಿಲ್ಲ. ಯಾರು ಓದುತ್ತಾರೆ ಹೇಳಿ? ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿ ನೋಡಿದೆ. ಅಲ್ಲಿ ಚಾಟ್‌ಬಾಟ್ ಕಂಪನಿಯ ಹೆಸರೇ ಇಲ್ಲ. ಇದ್ದದ್ದು ಗೂಗಲ್ ಪ್ಲೇ.

ಅಂದರೆ ಚಂದಾ ತೆಗೆದುಕೊಂಡದ್ದು ಪ್ಲೇ ಸ್ಟೋರಿನ ಮೂಲಕ. ಪ್ಲೇ ಸ್ಟೋರಿನ ಚಂದಾ ಪಟ್ಟಿ ನೋಡಿದರೆ ಚಾಟ್‌ಬಾಟ್ ಅಲ್ಲೇ ಕೂತಿತ್ತು, ಚಾಲ್ತಿಯಲ್ಲಿ. ಆ್ಯಪ್ ಒಳಗೆ ಹೋಗಿ ಅಪ್‌ಗ್ರೇಡ್ ಪುಟದವರೆಗೆ ನೋಡಿದೆ. ಈಗಾಗಲೇ ಚಂದಾ ಇದೆ ಅಂತ ಪ್ಲೇ ಸ್ಟೋರ್ ತಡೆಯಿತು.

ಗಂಟು ಬಿಚ್ಚಿದ್ದು ಇಲ್ಲಿ. ಆ್ಯಪ್ ಹೇಳುತ್ತಿದೆ, ನೀವು ಉಚಿತ. ಪ್ಲೇ ಸ್ಟೋರ್ ಹೇಳುತ್ತಿದೆ, ನೀವು ಹಣ ಕಟ್ಟಿದ್ದೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಣ ಕಟ್ಟುತ್ತಿರುವ ಗೂಗಲ್ ಖಾತೆ ಒಂದು, ಚಂದಾ ಕೂತಿರುವ ಚಾಟ್‌ಬಾಟ್ ಖಾತೆ ಇನ್ನೊಂದು. ಅಕ್ಕ ಈಗ ಕೂತಿರುವುದು ಮೂರನೆಯ, ಖಾಲಿ ಜಾಗದಲ್ಲಿ. ಒಬ್ಬರೇ ಎರಡು ಪಾಸ್‌ಬುಕ್ ಇಟ್ಟುಕೊಂಡು, ಖಾಲಿಯದನ್ನು ತಂದು ದುಡ್ಡು ಎಲ್ಲಿ ಅಂತ ಬ್ಯಾಂಕಿನಲ್ಲಿ ಕೇಳಿದ ಹಾಗೆ.

"ಅಕ್ಕ, ಹಳೆ ಫೋನಿನಲ್ಲಿ ಎಷ್ಟು ಜಿಮೇಲ್ ಇತ್ತು?"

"ಒಂದೇ. ಫೋನ್ ತಗೊಂಡಾಗ ಅಂಗಡಿಯವರು ಮಾಡಿಕೊಟ್ಟದ್ದು."

"ಹೋಂಸ್ಟೇ ಬುಕಿಂಗ್ ಮೇಲ್ ಯಾವುದಕ್ಕೆ ಬರ್ತಿತ್ತು?"

ಸ್ವಲ್ಪ ಹೊತ್ತು ಯೋಚಿಸಿದರು. "ಅದು ಬೇರೆ ಅಲ್ವಾ. ಮಗ ಮಾಡಿದ್ದು. ಅದೂ ಜಿಮೇಲೇ."

ಅಷ್ಟೇ ಬೇಕಿದ್ದದ್ದು. ಹಳೆ ಫೋನಿನಲ್ಲಿ ಎರಡು ಜಿಮೇಲ್ ಇದ್ದವು. ಫೋನ್ ಅಂಗಡಿಯದು ಮೊದಲು ಹಾಕಿದ್ದು, ಪ್ಲೇ ಸ್ಟೋರ್ ಅದರ ಮೇಲೆ ನಡೆಯುತ್ತಿತ್ತು. ಮಗ ಚಾಟ್‌ಬಾಟ್ ಹಾಕುವಾಗ ಗೂಗಲ್ ಬಟನ್ ಒತ್ತಿ ಹೋಂಸ್ಟೇ ಜಿಮೇಲ್ ಆರಿಸಿದ್ದ. ಚಂದಾ ತೆಗೆದಾಗ ದುಡ್ಡು ಹೋದದ್ದು ಮಾತ್ರ ಪ್ಲೇ ಸ್ಟೋರಿನ ಜಿಮೇಲ್‌ನಿಂದ. ಹೊಸ ಫೋನಿಗೆ ಅಕ್ಕ ಹಾಕಿಕೊಂಡದ್ದು ಫೋನ್ ಅಂಗಡಿಯ ಜಿಮೇಲ್ ಒಂದೇ. ಆ್ಯಪ್ ಗೂಗಲ್‌ನಿಂದ ಬರುತ್ತೀರಾ ಅಂತ ಕೇಳಿತು, ಹೌದು ಅಂದರು. ಆ ಜಿಮೇಲ್‌ಗೆ ಖಾತೆ ಇರಲಿಲ್ಲ. ಆ್ಯಪ್ ಹೊಸದನ್ನು ತೆರೆದುಕೊಟ್ಟಿತು. ಈ ಹೆಸರಿನಲ್ಲಿ ಖಾತೆ ಇಲ್ಲ, ಹೊಸದು ತೆರೆಯಲಾ ಅಂತ ಒಂದು ಸಾಲು ದಪ್ಪ ಅಕ್ಷರದಲ್ಲಿ ಕೇಳಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಆದರೆ ಹಾಗೆ ಕೇಳುವ ಆ್ಯಪ್ ಕಡಿಮೆ.

ಈ ಹಂತದಲ್ಲಿ ಎರಡು ಬಟನ್‌ನಿಂದ ದೂರ ಇರಬೇಕು. ಒಂದು, ಹಳೆ ಖರೀದಿಯನ್ನು ಮರಳಿ ತರುವ ರಿಸ್ಟೋರ್ ಬಟನ್. ಖಾಲಿ ಖಾತೆಯಲ್ಲಿ ಕೂತು ಅದನ್ನು ಒತ್ತಿ ಚಂದಾ ಇಲ್ಲಿಗೆ ಅಂಟಿಕೊಂಡರೆ ಇನ್ನೊಂದು ಗೋಜಲು. ಎರಡು, ಡಿಲೀಟ್ ಅಕೌಂಟ್. ಪಕ್ಕದ ತೋಟದವರು ಅಕ್ಕನಿಗೆ ಅದನ್ನೇ ಹೇಳಿಕೊಟ್ಟಿದ್ದರಂತೆ: "ಡಿಲೀಟ್ ಮಾಡಿ ಬಿಡಿ, ದುಡ್ಡು ಕಟ್ ಆಗೋದು ನಿಲ್ಲುತ್ತೆ." ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ತೆಗೆದ ಚಂದಾವನ್ನು ಪ್ಲೇ ಸ್ಟೋರಿನಲ್ಲೇ ನಿಲ್ಲಿಸಬೇಕು. ಆ್ಯಪ್ ತೆಗೆದರೂ, ಖಾತೆ ಅಳಿಸಿದರೂ ಹಣ ಹೋಗುತ್ತಲೇ ಇರುತ್ತದೆ.

ಮಗ ಓದಿ ಹೇಳಿದ ಆರು ಅಂಕಿ

ಯಾವ ಖಾತೆ ಅಂತ ಗೊತ್ತಾಯಿತು. ಒಳಗೆ ಹೋಗಬೇಕಲ್ಲ? ಹೋಂಸ್ಟೇ ಜಿಮೇಲ್‌ಗೆ ಮಗ ಎರಡು ಹಂತದ ಭದ್ರತೆ ಹಾಕಿದ್ದ. ಒಳ್ಳೆಯ ಕೆಲಸವೇ. ಆದರೆ ಎರಡನೆಯ ಹಂತದ ಒಂದು ದಾರಿ ಹಂಡೆಯಲ್ಲಿ ಮುಳುಗಿದ ಫೋನಿಗೆ ಬರುವ ಸೂಚನೆ, ಇನ್ನೊಂದು ಅವನ ಸ್ವಂತ ಫೋನಿನ ಅಥೆಂಟಿಕೇಟರ್ ಆ್ಯಪ್. ಅಮ್ಮನ ಸಿಮ್‌ಗೆ ಬರುವ ಎಸ್‌ಎಂಎಸ್ ದಾರಿಯನ್ನು ಸೇರಿಸಿಯೇ ಇರಲಿಲ್ಲ.

ಪಾಸ್‌ವರ್ಡ್ ಅವನ ಬಳಿ ಇತ್ತು. ಕೋಡ್ ಮಾತ್ರ ಅವನು ಫೋನಿನಲ್ಲಿ ಓದಿ ಹೇಳಬೇಕು. ಅಥೆಂಟಿಕೇಟರ್‌ನ ಆರು ಅಂಕಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅದಕ್ಕೆ ಇಂಟರ್ನೆಟ್ ಬೇಡ, ಎಸ್‌ಎಂಎಸ್ ಬೇಡ. ಎರಡೂ ಕಡೆ ಒಂದೇ ಗುಟ್ಟಿನ ಕೀಲಿ, ಒಂದೇ ಗಡಿಯಾರ, ಅದರಿಂದ ಲೆಕ್ಕ ಹಾಕಿ ಅಂಕಿ ಹುಟ್ಟುತ್ತದೆ. ಗಡಿಯಾರ ಸರಿಯಿದ್ದರೆ ಕೋಡ್ ಸರಿ. ಆದರೆ ಆ ಮಳೆಯಲ್ಲಿ ಬೆಂಗಳೂರಿನಿಂದ ಕರೆ ಹೇಗಿತ್ತು ಅಂದರೆ:

"ಅಮ್ಮಾ, ಏಳು, ಎರಡು..."

"ಎಂಥ?"

"ಏಳು, ಎರಡು, ಸೊನ್ನೆ. ಕೇಳ್ತಿದ್ಯಾ?"

"ಏಳು ಎರಡು ಆಯ್ತು, ಮುಂದೆ?"

"ಬದಲಾಯ್ತಮ್ಮ. ಇರು, ಹೊಸದು ಬಂತು."

ತಪ್ಪು ಕೋಡ್ ಅಂತ ಬರುತ್ತಲೇ ಹೋಯಿತು. ಇನ್ನೂ ಹೊಡೆದರೆ ಗೂಗಲ್ಲೇ ಸ್ವಲ್ಪ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತದೆ. ನಿಲ್ಲಿಸಿದೆ. ಇನ್ನು ಉಳಿದದ್ದು ಮನೆಯ ಲ್ಯಾಪ್‌ಟಾಪ್. ಬುಕಿಂಗ್ ನೋಡಲು ಅದರಲ್ಲಿ ಹೋಂಸ್ಟೇ ಜಿಮೇಲ್ ಯಾವಾಗಲೂ ತೆರೆದೇ ಇರುತ್ತಿತ್ತು ಅಂತ ಅಕ್ಕನೇ ಹೇಳಿದ್ದರು. ಅದು ಕೆಲಸ ಮಾಡಿದರೆ ಕೋಡಿನ ಗೊಡವೆಯೇ ಇಲ್ಲ. ಬರುವಾಗ ತನ್ನಿ, ಅದರಲ್ಲಿ ಏನನ್ನೂ ಲಾಗೌಟ್ ಮಾಡಬೇಡಿ, ಬ್ರೌಸರ್ ಕ್ಲೀನ್ ಮಾಡಲು ಯಾರಿಗೂ ಕೊಡಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದೆ.

ತಾರೀಖು ಮರೆತ ಲ್ಯಾಪ್‌ಟಾಪ್

ಮರುದಿನ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ವಿರಾಜಪೇಟೆಗೆ ತಂದರು. ಹಳೆಯ ಯಂತ್ರ. ಬ್ಯಾಟರಿ ಯಾವತ್ತೋ ಸತ್ತಿತ್ತು, ಕರೆಂಟಿನಲ್ಲೇ ನಡೆಯುತ್ತಿತ್ತು. ಅಂಗಡಿಯ ವೈಫೈಗೆ ಸೇರಿಸಿ ಕ್ರೋಮ್ ತೆರೆದೆ. ಯಾವ ಸೈಟಿಗೆ ಹೋದರೂ ಅದೇ ಮಾತು: ನಿಮ್ಮ ಗಡಿಯಾರ ಹಿಂದಿದೆ. ಅಕ್ಕ ಅದನ್ನು ದಿನಾ ನೋಡಿದ್ದರು. "ನಮ್ಮ ಮನೆ ಗಡಿಯಾರ ಸರಿಯಾಗೇ ಇದೆಯಲ್ಲ" ಅಂತ ಬಿಟ್ಟಿದ್ದರು.

ಕೆಳಗಿನ ಮೂಲೆಯಲ್ಲಿ ತಾರೀಖು ನೋಡಿದೆ. ಎಷ್ಟೋ ವರ್ಷ ಹಿಂದಿನ ಜನವರಿ 1.

ಕಂಪ್ಯೂಟರಿಗೆ ಕರೆಂಟ್ ಇಲ್ಲದಾಗ ತಾರೀಖು, ಸಮಯ ನೆನಪಿಟ್ಟುಕೊಳ್ಳಲು ಒಳಗೆ ಒಂದು ಚಿಕ್ಕ ಬಿಲ್ಲೆ ಸೆಲ್ ಇರುತ್ತದೆ. ನಾವು ಸಿಮಾಸ್ ಬ್ಯಾಟರಿ ಅನ್ನುತ್ತೇವೆ. 3 ವೋಲ್ಟಿನದು. ಇದು ವೀಕಾದರೂ, ಲ್ಯಾಪ್‌ಟಾಪಿನ ದೊಡ್ಡ ಬ್ಯಾಟರಿ ಚೆನ್ನಾಗಿದ್ದರೆ ಅಥವಾ ಕರೆಂಟ್ ಬರುತ್ತಿದ್ದರೆ ಗೊತ್ತಾಗುವುದಿಲ್ಲ. ಇಲ್ಲಿ ದೊಡ್ಡದೂ ಸತ್ತಿದೆ, ಚಿಕ್ಕದೂ ಸತ್ತಿದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ ಕೂಡಲೇ ಯಂತ್ರ ಎಲ್ಲವನ್ನೂ ಮರೆಯಿತು, ಕಾರ್ಖಾನೆಯ ತಾರೀಖಿಗೆ ಹೋಗಿ ಕೂತಿತು. ಸಮಯವನ್ನು ನೆಟ್‌ನಿಂದ ತಾನಾಗಿ ಸರಿಮಾಡಿಕೊಳ್ಳುವ ಸೆಟ್ಟಿಂಗನ್ನು ಯಾರೋ ಆಫ್ ಮಾಡಿಟ್ಟಿದ್ದರು.

ತಾರೀಖು ತಪ್ಪಾದರೆ ಸೈಟ್ ಯಾಕೆ ತೆರೆಯುವುದಿಲ್ಲ ಅಂತ ಅಕ್ಕ ಕೇಳಿದರು. ಪ್ರತಿ ಭದ್ರ ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಚಾಲ್ತಿ ಅಂತ ಅದರಲ್ಲಿ ಬರೆದಿರುತ್ತದೆ. ಲ್ಯಾಪ್‌ಟಾಪ್ ಇನ್ನೂ ಹಳೆಯ ವರ್ಷದಲ್ಲಿದೆ ಅಂದುಕೊಂಡರೆ ಅದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟದ ಪತ್ರವನ್ನು ನಂಬುವುದು ಹೇಗೆ? ಅದಕ್ಕೆ ತಡೆಯುತ್ತದೆ. ಇದೇ ಎಚ್ಚರಿಕೆಯನ್ನು ದಾಟಿಕೊಂಡು ಹೋಗಲು ಒಂದು ಲಿಂಕ್ ಕೆಲವೊಮ್ಮೆ ಸಿಗುತ್ತದೆ. ಹೋಗಬಾರದು. ತಾರೀಖು ಸರಿಮಾಡಿದರೆ ಆಯಿತು.

ಹಿಂದಿನ ಮುಚ್ಚಳ ಬಿಚ್ಚಿ ಸೆಲ್ ಬದಲಿಸಿದೆ. ಈ ಯಂತ್ರದಲ್ಲಿ ಅದು ಕಪ್ಪು ಕವಚದೊಳಗೆ, ಎರಡು ವೈರಿನ ತುದಿಯಲ್ಲಿ ಇತ್ತು. ತಾರೀಖು ಹಾಕಿ, ತಾನಾಗಿ ಹೊಂದಿಸುವ ಸ್ವಿಚ್ ಆನ್ ಮಾಡಿದೆ. ಕ್ರೋಮ್ ಮುಚ್ಚಿ ತೆರೆದೆ. ಹೋಂಸ್ಟೇ ಜಿಮೇಲ್ ಬಂತು. ಇನ್ನೊಂದು ಟ್ಯಾಬಿನಲ್ಲಿ ಚಾಟ್‌ಬಾಟಿನ ಸೈಟಿಗೆ ಹೋದೆ. ಎಡಗಡೆ ಪಟ್ಟಿ ಇಳಿಯಿತು. ಜಿಗಣೆ, ರಸ್ತೆ, ಕಡಂಬುಟ್ಟು, ಕಕ್ಕಡ ಮೆನು.

"ಅಯ್ಯೋ, ಇಲ್ಲೇ ಇದೆಯಲ್ಲ ಮಾರಾಯ್ರೆ!" ಅಂದರು ಅಕ್ಕ. ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಇತ್ತು ಆ ಮಾತಿನಲ್ಲಿ.

ಸಿಕ್ಕ ಮೇಲೆ ಮಾಡಿದ್ದು

ಸಿಕ್ಕಿತು ಅಂತ ಲ್ಯಾಪ್‌ಟಾಪ್ ಮುಚ್ಚಿ ಕಳಿಸುವ ಹಾಗಿಲ್ಲ. ಒಳಗೆ ಇರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಮೊದಲನೆಯದು ನಕಲು ತೆಗೆಯುವುದು. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಎಕ್ಸ್‌ಪೋರ್ಟ್ ಒತ್ತಿದರೆ ಖಾತೆಯ ಎಲ್ಲ ಚಾಟ್ ಒಟ್ಟುಮಾಡಿ ಇ-ಮೇಲ್‌ಗೆ ಲಿಂಕ್ ಕಳಿಸುತ್ತಾರೆ. ಚಾಟ್‌ಜಿಪಿಟಿಯಲ್ಲಿ ಆ ಲಿಂಕ್ 24 ಗಂಟೆ ಮಾತ್ರ ಇರುತ್ತದೆ, ನಾಳೆ ನೋಡೋಣ ಅಂದರೆ ಹೋಯಿತು. ಅಡುಗೆ ಅಳತೆಗಳನ್ನು ಬೇರೆಯಾಗಿ ಪ್ರಿಂಟ್ ತೆಗೆದುಕೊಟ್ಟೆ. ಅತ್ತೆಯ ಕೈ ಅಳತೆ ಯಾವುದೋ ಕಂಪನಿಯ ಸರ್ವರಿನಲ್ಲಿ ಮಾತ್ರ ಇರಬಾರದು ಅನ್ನುವುದು ನನ್ನ ಅಭಿಪ್ರಾಯ. ಅಕ್ಕನೂ ತಲೆಯಾಡಿಸಿದರು.

ಆಮೇಲೆ ಗೂಗಲ್ ಖಾತೆಯ ಭದ್ರತೆ ಪುಟ. ಮಗನಿಂದ ತಿಳಿದಿದ್ದ ಪಾಸ್‌ವರ್ಡ್ ಹಾಕಿ, ಬ್ಯಾಕಪ್ ಕೋಡ್ ತೆಗೆಸಿದೆ. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತದೆ, ಒಂದೊಂದು 8 ಅಂಕಿ. ಒಂದನ್ನು ಒಂದೇ ಸಲ ಬಳಸಬಹುದು. 30 ಸೆಕೆಂಡಿನ ಓಟ ಇದಕ್ಕಿಲ್ಲ. ಮಳೆಯಲ್ಲಿ ನೆಟ್‌ವರ್ಕ್ ಇಲ್ಲದ ಊರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಒಂದು ಕೋಡ್ ಬಳಸಿ ಹೊಸ ಫೋನಿಗೆ ಹೋಂಸ್ಟೇ ಜಿಮೇಲ್ ಹಾಕಿದೆ. ಉಳಿದವನ್ನು ಅಕ್ಕ ಆಳುಗಳ ಸಂಬಳ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಇದು ಏನು ಅಂತ ಬರೆಯಬೇಡಿ ಅಂದೆ. ಅವರ ಸಿಮ್ ನಂಬರನ್ನೂ ಎರಡನೆಯ ಹಂತಕ್ಕೆ ಸೇರಿಸಿದೆ. ಸಾಧನಗಳ ಪಟ್ಟಿಯಿಂದ ಮುಳುಗಿದ ಫೋನನ್ನು ಹೊರಹಾಕಿದೆ. ಪಟ್ಟಿಯಲ್ಲಿ ಗುರುತಿಲ್ಲದ ಸಾಧನ ಒಂದೂ ಇರಲಿಲ್ಲ. ಹ್ಯಾಕ್ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಫೋನಿನ ಆ್ಯಪ್‌ನಲ್ಲಿ ಖಾಲಿ ಖಾತೆಯಿಂದ ಲಾಗೌಟ್ ಆಗಿ, ಗೂಗಲ್ ಬಟನ್ ಒತ್ತಿ, ಈ ಸಲ ಹೋಂಸ್ಟೇ ಜಿಮೇಲ್ ಆರಿಸಿದೆವು. ಚಾಟ್ ಬಂತು, ಚಂದಾ ಬಂತು. ರಿಸ್ಟೋರ್ ಬೇಕಾಗಲೇ ಇಲ್ಲ. ಖಾಲಿ ಖಾತೆಯಲ್ಲಿ ಈ ನಡುವೆ ಬರೆಸಿದ್ದ ಕೆಲವು ಮೇಲ್‌ಗಳಿದ್ದವು, ಅವನ್ನು ನಕಲು ಮಾಡಿ ಇತ್ತ ತಂದೆವು. ಆ ಖಾತೆಯನ್ನು ಅಳಿಸಲಿಲ್ಲ. ಸುಮ್ನೆ ಇರಲಿ, ತೊಂದರೆಯೇನಿಲ್ಲ.

ಒಂದು ಮಾತ್ರ ಸಿಗಲಿಲ್ಲ. ಮದುವೆಗೆ ಬರುವ ಒಂದು ದೊಡ್ಡ ಗುಂಪಿಗೆ ಕೋಣೆ, ಊಟದ ದರ ಹಾಕಿದ ಪತ್ರ. ಎಲ್ಲ ಹುಡುಕಿದೆವು. ಕೊನೆಗೆ ಅಕ್ಕನಿಗೇ ನೆನಪಾಯಿತು. ದರದ ವಿಷಯ ಯಾರಿಗೂ ಗೊತ್ತಾಗಬಾರದು ಅಂತ ಮಗ ಹೇಳಿಕೊಟ್ಟಿದ್ದ ತಾತ್ಕಾಲಿಕ ಚಾಟ್‌ನಲ್ಲಿ ಅದನ್ನು ಬರೆಸಿದ್ದರು. ತಾತ್ಕಾಲಿಕ ಚಾಟ್ ಪಟ್ಟಿಗೆ ಸೇರುವುದೇ ಇಲ್ಲ. ಮುಚ್ಚಿದ ಮೇಲೆ ಬಳಕೆದಾರರಿಗೆ ಅದು ಇಲ್ಲ. ಹಾಗೆಯೇ ಜೆಮಿನಿಯಲ್ಲಿ ಚಟುವಟಿಕೆ ಉಳಿಸುವ ಸೆಟ್ಟಿಂಗ್ ಆಫ್ ಇದ್ದರೆ ಚಾಟ್ ಇತಿಹಾಸದಲ್ಲಿ ಉಳಿಯುವುದಿಲ್ಲ. ಆನ್ ಇದ್ದರೂ, ನಾವು ಬದಲಿಸದಿದ್ದರೆ 18 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುತ್ತದೆ. ಇತಿಹಾಸ ಕಾಣುತ್ತಿಲ್ಲ ಅಂತ ಬರುವವರಲ್ಲಿ ಖಾತೆ ಸರಿಯಿದ್ದರೆ ನಾನು ನೋಡುವುದು ಈ ಎರಡನ್ನು. ಆ ಪತ್ರವನ್ನು ಅಕ್ಕ ನೆನಪಿನಿಂದ ಹೇಳಿ ಮತ್ತೆ ಬರೆಸಿದರು. ಊಟದ ದರ ಹೋದಸಲಕ್ಕಿಂತ ಜಾಸ್ತಿ ಹಾಕಿದರು ಅಂತ ನನಗೆ ಅನುಮಾನ.

ಇನ್ನೂ ಬಾಕಿ ಇರುವುದು

ಚಂದಾ ಈಗಲೂ ಫೋನ್ ಅಂಗಡಿಯವರು ಮಾಡಿಕೊಟ್ಟ ಜಿಮೇಲ್ ಮೇಲೆಯೇ ನಡೆಯುತ್ತಿದೆ. ಆ ಜಿಮೇಲ್‌ನ ರಿಕವರಿ ನಂಬರ್ ನೋಡಿದರೆ ಅದು ಅಕ್ಕನದಲ್ಲ. ಅಂಗಡಿಯ ಹುಡುಗ ಅವಸರದಲ್ಲಿ ಯಾರ ನಂಬರ್ ಹಾಕಿದ್ದನೋ. ಅದನ್ನು ತೆಗೆದು ಅಕ್ಕನ ನಂಬರ್ ಹಾಕಿದ್ದೇವೆ. ಆದರೂ ಹಣ ಒಂದು ಕಡೆ, ಚಾಟ್ ಇನ್ನೊಂದು ಕಡೆ ಇರುವುದು ಸರಿಯಲ್ಲ. ಪ್ಲೇ ಸ್ಟೋರಿನ ಚಂದಾವನ್ನು ಒಂದು ಜಿಮೇಲ್‌ನಿಂದ ಇನ್ನೊಂದಕ್ಕೆ ದಾಟಿಸಲು ಬಟನ್ ಇಲ್ಲ. ಅದಕ್ಕೆ ಫೋನ್ ಅಂಗಡಿಯ ಜಿಮೇಲ್‌ನಲ್ಲಿ ಚಂದಾ ರದ್ದು ಮಾಡಿಸಿದ್ದೇನೆ. ಕಟ್ಟಿದ ಅವಧಿ ಮುಗಿಯುವವರೆಗೆ ಅದು ನಡೆಯುತ್ತದೆ. ಯುಪಿಐ ಆ್ಯಪ್‌ಗೆ ಹೋಗಿ ಆಟೋಪೇಯನ್ನು ನೇರ ಕಡಿಯಬೇಡಿ ಅಂತಲೂ ಹೇಳಿದ್ದೇನೆ. ಹಾಗೆ ಕಡಿದರೆ ಪ್ಲೇ ಸ್ಟೋರ್ ಅದನ್ನು ರದ್ದತಿ ಅಂತ ನೋಡುವುದಿಲ್ಲ, ಪಾವತಿ ತಪ್ಪಿತು ಅಂತ ನೋಡುತ್ತದೆ.

ಅವಧಿ ಮುಗಿದ ದಿನ ಪ್ಲೇ ಸ್ಟೋರಿನಲ್ಲಿ ಹೋಂಸ್ಟೇ ಜಿಮೇಲ್ ಆರಿಸಿ, ಅದರಿಂದಲೇ ಹೊಸ ಚಂದಾ ತೆಗೆಯಬೇಕು. ಆ ದಿನ ಕರೆಂಟ್ ಇದ್ದರೆ ಫೋನಿನಲ್ಲೇ ಹೇಳಿ ಮಾಡಿಸುತ್ತೇನೆ. ಇಲ್ಲದಿದ್ದರೆ ಅಕ್ಕ ಸಂತೆಗೆ ಬರುವಾಗ ಅಂಗಡಿಗೇ ಬರಲಿ.